ಮೀನು ಹಿಡಿಯಲು ಏಣಿ ಯಾಕೆ?

(ಕಾರವಾರದ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಹಿಂದುಮುಂದಾಗಿದ್ದ ಕೆಲವನ್ನು ಬರೆಯುವಾಗ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗೇಟಿನ ಹತ್ತಿರ ಅಂಟಿಸಿರುವ ಪೋಸ್ಟರ್ ನೋಡಿಕೊಂಡೇ ಒಳಗೆ ಬಂದೆ. ಕಪ್ಪು ಬಾವುಟ, ತಲೆಬುರುಡೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಗಡ್ಡದವನು. ಬಿಡಿಸಿದ ವಿದ್ಯಾರ್ಥಿಯ ಕೈ ಚೆನ್ನಾಗಿದೆ. ಆದರೆ ವಕೀಲಿಕೆಗೆ ಬರುವ ಮುಂಚೆ ನಾನು ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ದುಡಿದವನು. ಅಷ್ಟು ವರ್ಷದಲ್ಲಿ ಇಂಥ ಮನುಷ್ಯನನ್ನು ನೋಡಿಲ್ಲ. ನಾವು ಹೆದರುತ್ತಿದ್ದವನು ಬೇರೆ. ಲುಂಗಿ, ಹವಾಯಿ ಚಪ್ಪಲಿ, ಮಾಸಿದ ಟೀ ಶರ್ಟ್. ಇಪ್ಪತ್ತು ಇಪ್ಪತ್ತೈದು ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ಒಳಗೆ ಇಂಧನದ ಮತ್ತು ನೀರಿನ ಕ್ಯಾನುಗಳು. ನಿಮ್ಮ ಬೈತಖೋಲ್ ಬಂದರಿಗೆ ಹೋದರೆ ಅಂಥ ದೋಣಿ ಬೇಕಾದಷ್ಟು ಸಿಗುತ್ತವೆ. ಒಂದೇ ವ್ಯತ್ಯಾಸ: ಅವರ ದೋಣಿಯಲ್ಲಿ ಉದ್ದನೆಯ ಏಣಿಯೊಂದು ಇರುತ್ತದೆ, ಅದರ ತುದಿಗೆ ಕೊಕ್ಕೆ.

2010ರಲ್ಲಿ ನಾನು ಸೆಕೆಂಡ್ ಆಫೀಸರ್. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ರಾತ್ರಿ ಹನ್ನೆರಡರಿಂದ ನಾಲ್ಕು ಬ್ರಿಡ್ಜ್ ಮೇಲೆ ನನ್ನ ಪಾಳಿ. ಏಡನ್ ಕೊಲ್ಲಿ ದಾಟಬೇಕು. ಸರಕು ತುಂಬಿದ ಹಡಗು, ಹದಿಮೂರು ನಾಟ್ ವೇಗದಲ್ಲಿ ಹೋದರೆ ಹೆಚ್ಚು, ನೀರಿನಿಂದ ಡೆಕ್ಕಿಗೆ ಅಂಥ ಎತ್ತರವೂ ಇಲ್ಲ. ಕಾವಲುಗಾರರನ್ನು ಕೊಡಿ ಅಂತ ಕ್ಯಾಪ್ಟನ್ ಕೇಳಿದರೆ ಕಂಪನಿ ಕಳಿಸಿದ್ದು ಮುಳ್ಳುತಂತಿಯ ಸುರುಳಿಗಳನ್ನು ಮಾತ್ರ. ಅದನ್ನು ಸುತ್ತಲೂ ಕಟ್ಟಿದೆವು. ಬೆಂಕಿ ಆರಿಸುವ ಪೈಪುಗಳನ್ನು ಹೊರಕ್ಕೆ ಮುಖ ಮಾಡಿ ಕಟ್ಟಿ ನೀರು ಬಿಟ್ಟೆವು. ಹಳೇ ಬಾಯ್ಲರ್ ಸೂಟುಗಳಿಗೆ ಚಿಂದಿ ತುಂಬಿ ಬೆದರುಗೊಂಬೆ ಮಾಡಿ ರೇಲಿಂಗಿಗೆ ನಿಲ್ಲಿಸಿದೆವು. ಗದ್ದೆಗೆ ದೃಷ್ಟಿಗೊಂಬೆ ನಿಲ್ಲಿಸುತ್ತಾರಲ್ಲ, ಅದೇ. ನಗಬೇಡಿ, ಹಡಗಿನವರಿಗೆ ಕೊಡುತ್ತಿದ್ದ ಅಧಿಕೃತ ಸಲಹೆಗಳಲ್ಲೇ ಇದೂ ಒಂದು.

ಒಂದು ಮಧ್ಯಾಹ್ನ ನಾಲ್ಕು ದೋಣಿಗಳು ನಮ್ಮ ಕಡೆಗೇ ನುಗ್ಗಿ ಬಂದವು. ದುರ್ಬೀನು ಕಣ್ಣಿಗೆ ಒತ್ತಿ ಹಿಡಿದೆ. ಒಬ್ಬನ ಕೈಯಲ್ಲಿ ಬಂದೂಕು ಇತ್ತು. ಅಲಾರಂ ಒತ್ತಿದೆ, ಎಲ್ಲರೂ ಒಳಗೆ ಓಡಿದರು. ದೋಣಿಗಳು ಅರ್ಧ ಮೈಲಿ ದೂರದಲ್ಲಿ ನಿಂತವು. ಅದರಲ್ಲಿದ್ದವರು ಕೈ ಬೀಸಿ ಬೀಸಿ ಏನೋ ಕೂಗಿದರು, ಆಮೇಲೆ ಹೊರಟುಹೋದರು. ಅವರು ಯೆಮೆನ್‌ನ ಮೀನುಗಾರರು. ಹಡಗು ಬಲೆಯ ಮೇಲೆ ಹಾದುಹೋಗದಿರಲಿ ಅಂತ ಅಡ್ಡ ಬಂದಿದ್ದರು. ಬಂದೂಕು ಯಾಕೆ? ಅವರಿಗೂ ಕಡಲ್ಗಳ್ಳರ ಭಯ. ನಮ್ಮ ಹಡಗಿನಲ್ಲಿ ಆವತ್ತು ಬಂದೂಕು ಇದ್ದಿದ್ದರೆ? ನನಗೆ ಆಗ ಇಪ್ಪತ್ತೊಂಬತ್ತು ವರ್ಷ, ಕೈ ನಡುಗುತ್ತಿತ್ತು. ಕಂಪನಿ ಕಾವಲುಗಾರರನ್ನು ಕೊಡಲಿಲ್ಲ ಅಂತ ಬೈದುಕೊಂಡಿದ್ದ ನಾನು ಆ ರಾತ್ರಿಯ ಪಾಳಿಯಲ್ಲಿ ಆ ಬೈಗುಳ ಅರ್ಧ ವಾಪಸ್ ತೆಗೆದುಕೊಂಡೆ.

ಇವತ್ತಿನ ನನ್ನ ಮಾತೆಲ್ಲ ಈ ದುರ್ಬೀನಿನ ಸುತ್ತಲೇ. ನೌಕಾಪಡೆ, ಕಾನೂನು, ಖಾಸಗಿ ಬಂದೂಕು, ಈ ಮೂರನ್ನೂ ಕಾಡುವುದು ಒಂದೇ ಪ್ರಶ್ನೆ: ಅಲ್ಲಿ ಕಾಣುತ್ತಿರುವವನು ಯಾರು?

ಹಡಗಿನಲ್ಲಿ ಆಯುಧಧಾರಿಗಳನ್ನು ಇಟ್ಟುಕೊಳ್ಳುವುದು ಹೊಸ ವಿಚಾರವೇನಲ್ಲ. ಎರಡು ಸಾವಿರ ವರ್ಷದ ಹಿಂದೆ ಮಲಬಾರ್ ತೀರದ ಮೆಣಸಿಗೆ ಬರುತ್ತಿದ್ದ ರೋಮನ್ ಹಡಗುಗಳ ಬಗ್ಗೆ ಅಲ್ಲಿನ ಲೇಖಕ ಪ್ಲಿನಿ ಬರೆದಿದ್ದಾನೆ. ಕಡಲ್ಗಳ್ಳರ ಕಾಟಕ್ಕೆ ಬಿಲ್ಲುಗಾರರ ತುಕಡಿಗಳನ್ನು ಹತ್ತಿಸಿಕೊಂಡೇ ಹೊರಡುತ್ತಿದ್ದರಂತೆ. ಕೇರಳದ ಮುಜಿರಿಸ್ ಬಂದರಿನ ಆಸುಪಾಸಿನಲ್ಲಿ 'ನಿಟ್ರಿಯಾಸ್' ಅನ್ನುವ ಕಡೆ ಕಳ್ಳರಿದ್ದಾರೆ ಅಂತಲೂ ಎಚ್ಚರಿಸುತ್ತಾನೆ. ಆ ನಿಟ್ರಿಯಾಸ್ ನಮ್ಮ ಮಂಗಳೂರಿನ ನೇತ್ರಾವತಿಯ ಸುತ್ತಲಿನದು ಅಂತ ಕೆಲವು ವಿದ್ವಾಂಸರು, ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪ ಅಂತ ಇನ್ನು ಕೆಲವರು. ಎರಡರಲ್ಲಿ ಯಾವುದಾದರೂ ಸರಿ, ಆ ಕಳ್ಳರು ನಮ್ಮವರೇ.

ಹೊನ್ನಾವರದ ತಿಮ್ಮಯ್ಯನ ಹೆಸರು ನಿಮಗೆ ಗೊತ್ತಿರಬೇಕು. ಪೋರ್ಚುಗೀಸರ ಬಾಯಲ್ಲಿ ತಿಮೋಜ. 1510ರಲ್ಲಿ ಆಲ್ಬುಕರ್ಕ್ ಗೋವಾಕ್ಕೆ ನುಗ್ಗಿದಾಗ ಜೊತೆಗಿದ್ದವನು. ಅವನು ಕಡಲ್ಗಳ್ಳನೋ ನೌಕಾದಳದ ನಾಯಕನೋ? ಯಾರ ಬರಹ ಓದುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಇವತ್ತಿನ ಅಂತರರಾಷ್ಟ್ರೀಯ ಕಾನೂನೂ ಇದೇ ಕಡೆ ಎಡವುತ್ತದೆ.

ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ 1982ರದ್ದು. ಅದರ 101ನೇ ವಿಧಿಯಲ್ಲಿ ಕಡಲ್ಗಳ್ಳತನದ ವ್ಯಾಖ್ಯೆ ಇದೆ. ಮೂರು ಷರತ್ತು ನೆನಪಿಟ್ಟುಕೊಳ್ಳಿ. ಕೃತ್ಯ ನಡೆದದ್ದು ಯಾವ ದೇಶದ ಪ್ರಾದೇಶಿಕ ಜಲಕ್ಕೂ ಸೇರದ ಕಡಲಿನಲ್ಲಿ, ಅಂದರೆ ದಡದಿಂದ 12 ನಾಟಿಕಲ್ ಮೈಲಿಯ ಆಚೆ ಇರಬೇಕು. ಒಂದು ಹಡಗಿನವರು ಇನ್ನೊಂದು ಹಡಗಿನ ಮೇಲೆ ಬಿದ್ದಿರಬೇಕು. ಉದ್ದೇಶ ಖಾಸಗಿಯಾಗಿರಬೇಕು. ಮೂರೂ ಕೂಡಿದರೆ ಯಾವ ದೇಶದ ಯುದ್ಧನೌಕೆ ಬೇಕಾದರೂ ಆ ಹಡಗನ್ನು ಹಿಡಿಯಬಹುದು, ಹಿಡಿದ ದೇಶದ ಕೋರ್ಟೇ ವಿಚಾರಣೆ ಮಾಡಬಹುದು. ಬೇರೆ ಅಪರಾಧಗಳಿಗೆ ಇಷ್ಟು ಸಲೀಸಾಗಿ ಇಂಥ ಅಧಿಕಾರ ಸಿಗುವುದಿಲ್ಲ. ಅದೇ ಕೃತ್ಯ 11ನೇ ಮೈಲಿಯಲ್ಲಿ ನಡೆದರೆ ಅದು ಆಯಾ ದೇಶದ ಪೊಲೀಸರು ನೋಡಬೇಕಾದ ದರೋಡೆ. ಇನ್ನು 'ಖಾಸಗಿ ಉದ್ದೇಶ' ಅನ್ನುವ ಮಾತು. 2023ರ ನವೆಂಬರ್‌ನಲ್ಲಿ ಯೆಮೆನ್‌ನ ಬಂಡುಕೋರರಾದ ಹೌತಿಗಳು ಹೆಲಿಕಾಪ್ಟರಿನಿಂದ ಇಳಿದು 'ಗ್ಯಾಲಕ್ಸಿ ಲೀಡರ್' ಹಡಗನ್ನು ವಶಪಡಿಸಿಕೊಂಡರು. ಕೇಳಿದ್ದು ಹಣವನ್ನಲ್ಲ, ಕೊಟ್ಟ ಕಾರಣ ಗಾಜಾ ಯುದ್ಧ. ಅದು ಕಡಲ್ಗಳ್ಳತನ ಹೌದೋ ಅಲ್ಲವೋ ಅಂತ ಕಾನೂನು ಪಂಡಿತರು ವಾದ ಮಾಡುತ್ತಿದ್ದರು. ಸಿಕ್ಕಿಬಿದ್ದ ಇಪ್ಪತ್ತೈದು ನಾವಿಕರಿಗೆ ಆ ವಾದದಿಂದ ಬಿಡುಗಡೆಯೇನೂ ಸಿಗಲಿಲ್ಲ. ಅವರು ಹೊರಗೆ ಬಂದದ್ದು 2025ರ ಜನವರಿಯಲ್ಲಿ.

ವ್ಯಾಖ್ಯೆ ಸಾಕು, ಒಂದು ಕಥೆ ಹೇಳುತ್ತೇನೆ.

1999ರ ಅಕ್ಟೋಬರ್. 'ಅಲೊಂಡ್ರಾ ರೇನ್‌ಬೋ' ಅನ್ನುವ ಜಪಾನಿ ಮಾಲೀಕರ ಹಡಗು ಸುಮಾರು 7,000 ಟನ್ ಅಲ್ಯೂಮಿನಿಯಂ ಗಟ್ಟಿಗಳನ್ನು ಹೇರಿಕೊಂಡು ಇಂಡೋನೇಷ್ಯಾದಿಂದ ಜಪಾನಿಗೆ ಹೊರಟಿತು. ಸ್ವಲ್ಪ ಹೊತ್ತಿನಲ್ಲೇ ಕಳ್ಳರು ಹತ್ತಿದರು. ಇಬ್ಬರು ಜಪಾನಿಯರು, ಹದಿನೈದು ಮಂದಿ ಫಿಲಿಪೀನ್ಸಿನವರು, ಒಟ್ಟು ಹದಿನೇಳು ಜನರನ್ನು ಕೆಲವು ದಿನ ಕಟ್ಟಿಹಾಕಿ, ಆಮೇಲೆ ಲೈಫ್‌ರಾಫ್ಟ್ ಒಂದಕ್ಕೆ ಇಳಿಸಿ ಕಡಲಿಗೆ ಬಿಟ್ಟರು. ಹತ್ತು ದಿನ ತೇಲಿದ ಮೇಲೆ ಥಾಯ್ಲೆಂಡಿನ ಮೀನುಗಾರರ ಕಣ್ಣಿಗೆ ಬಿದ್ದು ಬದುಕಿದರು. ಅಷ್ಟರಲ್ಲಿ ಹಡಗಿಗೆ ಬೇರೆ ಬಣ್ಣ, ಬೇರೆ ಹೆಸರು ಬಂದಿತ್ತು: 'ಮೆಗಾ ರಾಮಾ', ಬೆಲೀಜ್ ದೇಶದ ಬಾವುಟ. ಕ್ವಾಲಾಲಂಪುರದ ಕಡಲ್ಗಳ್ಳತನ ವರದಿ ಕೇಂದ್ರ ಎಲ್ಲೆಡೆ ಸುದ್ದಿ ಹರಡಿತ್ತು. ನಮ್ಮ ಕರಾವಳಿ ರಕ್ಷಣಾ ಪಡೆಯ 'ತಾರಾಬಾಯಿ'ಯೂ ನೌಕಾಪಡೆಯ 'ಪ್ರಹಾರ್' ನೌಕೆಯೂ ಅಟ್ಟಿಸಿಕೊಂಡು ಹೋಗಿ ನವೆಂಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಅದನ್ನು ತಡೆದವು. ಒಳಗಿದ್ದವರು ಹಡಗಿಗೆ ಬೆಂಕಿ ಇಟ್ಟು ಮುಳುಗಿಸಲು ನೋಡಿದರು. ನಮ್ಮವರು ಉಳಿಸಿ ಮುಂಬೈಗೆ ಎಳೆತಂದರು. ಹದಿನೈದು ಇಂಡೋನೇಷ್ಯಾದವರು ಸೆರೆ ಸಿಕ್ಕರು. ಜಗತ್ತೆಲ್ಲ ಹೊಗಳಿತು.

2003ರಲ್ಲಿ ಸೆಷನ್ಸ್ ಕೋರ್ಟ್ ಅವರಿಗೆ ಏಳು ವರ್ಷದ ಶಿಕ್ಷೆ ಕೊಟ್ಟಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಅಷ್ಟೂ ಜನರನ್ನು ಖುಲಾಸೆ ಮಾಡಿತು. ನಮ್ಮ ದಂಡಸಂಹಿತೆಯಲ್ಲಿ ಕಡಲ್ಗಳ್ಳತನ ಅನ್ನುವ ಅಪರಾಧವೇ ಇರಲಿಲ್ಲ. ದರೋಡೆ, ಕೊಲೆಯತ್ನ ಅಂತ ನೆಲದ ಮೇಲಿನ ಕಲಮುಗಳನ್ನು ನೀರಿಗೆ ಎಳೆಯಬೇಕಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ನನ್ನ ದುರ್ಬೀನಿನದೇ. ಹಡಗಿನಲ್ಲಿ ಸಿಕ್ಕಿದವರು ಸರಿ, ಹಡಗು ಹತ್ತಿದವರೂ ಇವರೇ ಅನ್ನುವುದಕ್ಕೆ ಸಾಕ್ಷಿ ಏನು? ಕದ್ದ ಸ್ಕೂಟರ್ ಓಡಿಸುತ್ತಿದ್ದವನೇ ಕದ್ದವನು ಅಂತ ಹೇಗೆ ಹೇಳುತ್ತೀರಿ? ಕಾನೂನು ವಿದ್ಯಾರ್ಥಿಗಳು ಈ ತೀರ್ಪಿಗೆ ಬೇಸರ ಮಾಡಿಕೊಳ್ಳಬೇಡಿ. ನೌಕಾಪಡೆಯವರು ಹಲ್ಲು ಕಚ್ಚಿದರು, ನನಗೆ ಅರ್ಥವಾಗುತ್ತದೆ. ಆದರೆ ಕೋರ್ಟ್ ಕೇಳಬೇಕಾದದ್ದನ್ನೇ ಕೇಳಿತು.

ಆಮೇಲೆ ಸೊಮಾಲಿಯಾ. 1991ರಲ್ಲಿ ಸಿಯಾದ್ ಬರ್ರೆಯ ಸರ್ಕಾರ ಬಿದ್ದ ಮೇಲೆ ಆ ಉದ್ದನೆಯ ಕರಾವಳಿಗೆ ಕಾವಲೇ ಇಲ್ಲವಾಯಿತು. ಹೊರದೇಶದ ಟ್ರಾಲರುಗಳು ಬಂದು ಮೀನು ಬಾಚಿಕೊಂಡು ಹೋದವು. ಬಲೆ ಹರಿದುಕೊಂಡ ಮೀನುಗಾರರು ಆಯುಧ ಹಿಡಿದರು ಅನ್ನುವ ಕಥೆಯಲ್ಲಿ ನಿಜವಿದೆ, ಪೂರ್ತಿ ಇಲ್ಲ. ಬೇಗನೆ ಅದು ಬಂಡವಾಳದ ವ್ಯವಹಾರವಾಯಿತು. ಸುಲಿಗೆ ಹಣದ ಲೆಕ್ಕ ಹಾಕಿದ ವಿಶ್ವಬ್ಯಾಂಕ್ 2013ರಲ್ಲಿ ಹೇಳಿದ್ದು: 2005ರಿಂದ 2012ರವರೆಗೆ 33.9 ಕೋಟಿಯಿಂದ 41.3 ಕೋಟಿ ಡಾಲರ್. ಹಡಗು ಹತ್ತುವ ಹುಡುಗನಿಗೆ ಒಂದು ಹಡಗಿನ ಹಣದಲ್ಲಿ ನೂರಕ್ಕೆ ಎರಡೂವರೆ ಪಾಲು ಸಿಕ್ಕರೆ ಅದೇ ಹೆಚ್ಚು, ಹಣ ಹೂಡಿದವನಿಗೆ ಮೂವತ್ತರಿಂದ ಐವತ್ತು. ಹುಡುಗನ ಪಾಲಿನಲ್ಲೂ ಸಾಲಕ್ಕೆ ಜಗಿದ ಖಾತ್ ಅನ್ನುವ ಅಮಲಿನ ಸೊಪ್ಪಿನ ಬಾಕಿ ಮುರಿದುಕೊಳ್ಳುತ್ತಿದ್ದರು. ನಮ್ಮ ಕಡೆ ಬೋಟಿನ ಮಾಲೀಕರು ಮುಂಗಡ ಕೊಟ್ಟು ಸೀಜನ್ ಪೂರ್ತಿ ಹುಡುಗರನ್ನು ಕಟ್ಟಿಹಾಕಿಕೊಳ್ಳುವುದು ನೆನಪಾಯಿತೇ? ಲೆಕ್ಕದ ಪುಸ್ತಕ ಎಲ್ಲಾ ಕಡೆ ಒಂದೇ ಥರ.

2008ರಲ್ಲಿ ಜಗತ್ತು ಎಚ್ಚೆತ್ತಿತು. ಸೆಪ್ಟೆಂಬರ್‌ನಲ್ಲಿ 33 ಟಿ-72 ಟ್ಯಾಂಕುಗಳಿದ್ದ 'ಫೈನಾ', ನವೆಂಬರ್‌ನಲ್ಲಿ ಇಪ್ಪತ್ತು ಲಕ್ಷ ಬ್ಯಾರೆಲ್ ಕಚ್ಚಾ ತೈಲ ಹೊತ್ತಿದ್ದ 'ಸಿರಿಯಸ್ ಸ್ಟಾರ್' ಅಪಹರಣವಾದವು. ಎರಡನೆಯದಕ್ಕೆ ಸುಲಿಗೆ ಹಣವನ್ನು ಪ್ಯಾರಾಚೂಟಿನಲ್ಲಿ ಇಳಿಸಿದರು. ಅದನ್ನು ಹೊತ್ತು ಹೊರಟ ಕಳ್ಳರ ದೋಣಿ ಮಗುಚಿ ಕೆಲವರು ಮುಳುಗಿ ಸತ್ತರು. ಅದಕ್ಕೂ ಮುಂಚೆ, ಜೂನ್‌ನಲ್ಲೇ, ಭದ್ರತಾ ಮಂಡಳಿಯ 1816ನೇ ನಿರ್ಣಯ ಸೊಮಾಲಿಯಾದ ಪ್ರಾದೇಶಿಕ ಜಲದೊಳಗೂ ಬೆನ್ನಟ್ಟಲು ಅನುಮತಿ ಕೊಟ್ಟಿತ್ತು. ಐರೋಪ್ಯ ಒಕ್ಕೂಟದ 'ಅಟಲಾಂಟಾ' ಕಾರ್ಯಾಚರಣೆ, ನ್ಯಾಟೋ, ಅಮೆರಿಕದ ಮುಂದಾಳತ್ವದ ಪಡೆ, ಭಾರತ, ಚೀನಾ, ರಷ್ಯಾ, ಎಲ್ಲರ ಯುದ್ಧನೌಕೆಗಳೂ ಬಂದವು. ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಒಂದಾದರು. ಆದರೂ 2010ರಲ್ಲಿ ಸೊಮಾಲಿ ಕಳ್ಳರು ಅಪಹರಿಸಿದ ಹಡಗು 49, ಒತ್ತೆಯಾಳಾದ ನಾವಿಕರು 1,016. ಕಡಲು ಅಷ್ಟು ದೊಡ್ಡದು. ನಿಮ್ಮ ಹಡಗಿನಿಂದ ಯುದ್ಧನೌಕೆ ಮೂರು ಗಂಟೆ ದೂರ ಇದ್ದರೆ, ಕಳ್ಳ ಹದಿನೈದು ನಿಮಿಷದಲ್ಲಿ ಹತ್ತಿಬಿಡುತ್ತಾನೆ.

2008ರ ನವೆಂಬರ್ 18. ನಮ್ಮ 'ಐಎನ್‌ಎಸ್ ತಬರ್' ಏಡನ್ ಕೊಲ್ಲಿಯಲ್ಲಿ ಕಳ್ಳರ 'ತಾಯಿ ಹಡಗ'ನ್ನು ಮುಳುಗಿಸಿತು ಅಂತ ಸುದ್ದಿ. ತಾಯಿ ಹಡಗು ಅಂದರೆ ಕಳ್ಳರ ಸಣ್ಣ ದೋಣಿಗಳನ್ನು ದೂರದ ಕಡಲಿಗೆ ಒಯ್ಯುವ ದೊಡ್ಡ ಹಡಗು. ದೇಶವೆಲ್ಲ ಚಪ್ಪಾಳೆ, ನಾನೂ ತಟ್ಟಿದೆ. ಒಂದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ: ಅದು 'ಎಕವಾಟ್ ನಾವಾ 5', ಥಾಯ್ಲೆಂಡಿನ ಮೀನುಗಾರಿಕಾ ಹಡಗು. ಆ ದಿನವೇ ಕಳ್ಳರ ಕೈವಶವಾಗಿತ್ತು. ಅದರ ಕೆಲಸಗಾರರು ಒಳಗೇ ಇದ್ದರು. ಆರು ದಿನ ನೀರಿನಲ್ಲಿ ತೇಲಿ ಬದುಕಿದ ಒಬ್ಬ ಸಿಕ್ಕಿದ, ಉಳಿದವರು ಸತ್ತರು ಅಥವಾ ಕಣ್ಮರೆಯಾದರು. ಆ ಹಡಗಿನ ಡೆಕ್ಕಿನ ಮೇಲೆ ಆಯುಧಧಾರಿಗಳು ನಿಂತು ಬೆದರಿಸಿದ್ದರಿಂದ ಆತ್ಮರಕ್ಷಣೆಗೆ ಗುಂಡು ಹಾರಿಸಿದೆವು ಅಂತ ನೌಕಾಪಡೆ ಹೇಳಿತು. ಆ ಮಾತನ್ನು ನಾನು ನಂಬುತ್ತೇನೆ. ಆಯುಧಧಾರಿಗಳು ನಿಜ, ಒಳಗಿದ್ದ ಮೀನುಗಾರರೂ ನಿಜ. ದುರ್ಬೀನಿಗೆ ಡೆಕ್ಕು ಕಾಣುತ್ತದೆ, ಅದರ ಕೆಳಗಿನದು ಕಾಣುವುದಿಲ್ಲ.

ಇನ್ನು, ಜೀವಂತ ಹಿಡಿದರೂ ಏನು ಮಾಡುವುದು? 2008ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ 'ಅಬ್ಸಲೋನ್' ನೌಕೆ ಹತ್ತು ಜನರನ್ನು ಆಯುಧ, ಏಣಿ ಸಮೇತ ಹಿಡಿಯಿತು. ಆರು ದಿನ ಊಟ ಹಾಕಿ, ಕೊನೆಗೆ ಸೊಮಾಲಿಯಾದ ಮರಳ ದಡದಲ್ಲಿ ಬಿಟ್ಟುಬಂದರು. ದೇಶಕ್ಕೆ ಕರೆದೊಯ್ದರೆ ವಿಚಾರಣೆ ಮುಗಿದ ಮೇಲೆ ವಾಪಸ್ ಕಳಿಸುವುದು ಹೇಗೆ ಅನ್ನುವ ಚಿಂತೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೀಗೆ ಹಿಡಿದು, ಏಣಿಯನ್ನು ನೀರಿಗೆಸೆದು, ಮನುಷ್ಯರನ್ನು ಬಿಟ್ಟುಬಿಡುವುದು ಎಷ್ಟೋ ನೌಕಾಪಡೆಗಳ ರೂಢಿಯಾಯಿತು. ರಷ್ಯಾದವರ ದಾರಿ ಬೇರೆ. 2010ರ ಮೇ ತಿಂಗಳಲ್ಲಿ 'ಮಾಸ್ಕೋ ಯೂನಿವರ್ಸಿಟಿ' ಟ್ಯಾಂಕರಿನ ನಾವಿಕರು ಒಳಗೆ ಬಾಗಿಲು ಭದ್ರಪಡಿಸಿಕೊಂಡು ಕೂತರು, ರಷ್ಯಾದ ಕಮಾಂಡೋಗಳು ಹಡಗನ್ನು ಬಿಡಿಸಿದರು. ಕಾನೂನಿನಲ್ಲಿ ಅವಕಾಶವಿಲ್ಲ, ಬಿಟ್ಟುಬಿಡುತ್ತೇವೆ ಅಂತ ಹೇಳಿ ಕಳ್ಳರನ್ನು ದಿಕ್ಕು ತೋರುವ ಉಪಕರಣ ಯಾವುದೂ ಇಲ್ಲದ ರಬ್ಬರ್ ದೋಣಿಯಲ್ಲಿ, ದಡದಿಂದ ನೂರಾರು ಮೈಲಿ ದೂರದಲ್ಲಿ ಇಳಿಸಿದರು. ಆ ದೋಣಿ ದಡ ಮುಟ್ಟಲಿಲ್ಲ ಅಂತ ರಷ್ಯಾದ ಅಧಿಕಾರಿಗಳೇ ಹೇಳಿದರು. ಇದನ್ನು ಹೇಳಿದಾಗೆಲ್ಲ ಸಭೆಯಲ್ಲಿ ಯಾರಾದರೂ ಚಪ್ಪಾಳೆ ಹೊಡೆಯುತ್ತಾರೆ. ಇವತ್ತು ಯಾರೂ ಹೊಡೆಯಲಿಲ್ಲ, ಸಂತೋಷ.

ಕೀನ್ಯಾ, ಸೆಶೆಲ್ಸ್, ಮಾರಿಷಸ್ ದೇಶಗಳು ವಿಚಾರಣೆ ವಹಿಸಿಕೊಳ್ಳಲು ಒಪ್ಪಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ನಮ್ಮ ಸರದಿ 2011ರಲ್ಲಿ ಬಂತು. ಕಳ್ಳರು ಲಕ್ಷದ್ವೀಪದ ಹತ್ತಿರಕ್ಕೇ ಬಂದಿದ್ದರು. ಜನವರಿಯಿಂದ ಮಾರ್ಚ್‌ವರೆಗೆ ನಾಲ್ಕು ಕಾರ್ಯಾಚರಣೆ: 'ಪ್ರಂಟಲೇ 14', 'ಪ್ರಂಟಲೇ 11', 'ವೇಗಾ 5', 'ಮೊರ್ತೇಜಾ'. ನಾಲ್ಕೂ ಕಳ್ಳರು ಕಸಿದುಕೊಂಡು ತಾಯಿ ಹಡಗು ಮಾಡಿಕೊಂಡಿದ್ದವೇ, ಹೆಚ್ಚಿನವು ಮೀನುಗಾರಿಕಾ ಹಡಗುಗಳು. 'ವೇಗಾ 5'ರಲ್ಲಿ ಒಂದೇ ಸಲಕ್ಕೆ 61 ಜನ ಸಿಕ್ಕರು. ಒಟ್ಟು 120 ಮಂದಿ ಮುಂಬೈ ಜೈಲಿಗೆ. ಅಲೊಂಡ್ರಾ ರೇನ್‌ಬೋ ಆಗಿ ಹನ್ನೆರಡು ವರ್ಷವಾಗಿತ್ತು, ಕಾನೂನಿನ ಪುಸ್ತಕ ಮಾತ್ರ ಅದೇ. ಕೇಸು ಎಳೆಯಿತು. 2017ರಲ್ಲಿ ಏಳು ವರ್ಷದ ಶಿಕ್ಷೆ ಪ್ರಕಟವಾಗುವ ಹೊತ್ತಿಗೆ ಅವರು ಆರು ವರ್ಷಕ್ಕೂ ಹೆಚ್ಚು ಒಳಗೇ ಕಳೆದಿದ್ದರು.

ಇದರ ಬೆಲೆ ಕೊಟ್ಟವರು ಬೇರೆ. 2010ರ ಸೆಪ್ಟೆಂಬರ್‌ನಲ್ಲಿ 'ಆಸ್ಫಾಲ್ಟ್ ವೆಂಚರ್' ಅಪಹರಣವಾಯಿತು, ಹದಿನೈದು ನಾವಿಕರೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಮಾಲೀಕರು ಸುಲಿಗೆ ಹಣ ಕೊಟ್ಟರು. ಕಳ್ಳರು ಹಣ ತೆಗೆದುಕೊಂಡರು, ಹಡಗು ಬಿಟ್ಟರು, ಎಂಟು ಜನರನ್ನು ಬಿಟ್ಟರು. ಏಳು ಜನರನ್ನು ದಡಕ್ಕೆ ಎಳೆದುಕೊಂಡು ಹೋದರು. ಮುಂಬೈಯಲ್ಲಿರುವ ನಮ್ಮವರನ್ನು ಬಿಡಿ, ಆಮೇಲೆ ಇವರನ್ನು ಬಿಡುತ್ತೇವೆ ಅಂದರು. ಆ ಏಳು ಜನ ಮನೆಗೆ ಬಂದದ್ದು 2014ರ ಕೊನೆಗೆ, ನಾಲ್ಕು ವರ್ಷದ ಮೇಲೆ. ಕಾನೂನು ಗೆದ್ದಾಗ ಅದರ ಬಿಲ್ಲು ಯಾರ ಮನೆಗೆ ಹೋಯಿತು ನೋಡಿ. ನಾವಿಕರ ಮನೆಗಳಲ್ಲಿ ಆ ವರ್ಷಗಳಲ್ಲಿ ಫೋನ್ ರಿಂಗಾದರೆ ಏನಾಗುತ್ತಿತ್ತು ಅನ್ನುವುದು ನನ್ನ ಅಮ್ಮನಿಗೂ ಗೊತ್ತು.

ಈಗ ಬಂದೂಕಿಗೆ ಬರೋಣ. 2011ರ ಸುಮಾರಿಗೆ ಹಡಗು ಕಂಪನಿಗಳು ಖಾಸಗಿ ಕಾವಲುಗಾರರನ್ನು ಇಟ್ಟುಕೊಳ್ಳತೊಡಗಿದವು. ಸಾಮಾನ್ಯವಾಗಿ ನಾಲ್ಕು ಜನರ ತಂಡ, ಹೆಚ್ಚಿನವರು ನಿವೃತ್ತ ಸೈನಿಕರು. ಅದುವರೆಗೆ ಬೇಡ ಅನ್ನುತ್ತಿದ್ದ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಆ ವರ್ಷ ಮಾರ್ಗಸೂಚಿ ಕೊಟ್ಟಿತು, ನಮ್ಮ ನೌಕಾಯಾನ ನಿರ್ದೇಶನಾಲಯವೂ ಕೊಟ್ಟಿತು. ಫಲ ಸಿಕ್ಕಿದ್ದು ಸುಳ್ಳಲ್ಲ. ಆಯುಧಧಾರಿ ಕಾವಲಿದ್ದ ಹಡಗು ಒಂದೂ ಆ ವರ್ಷಗಳಲ್ಲಿ ಸೊಮಾಲಿ ಕಳ್ಳರ ಪಾಲಾಗಲಿಲ್ಲ. 2011ರಲ್ಲಿ 237 ದಾಳಿ ಇದ್ದದ್ದು 2013ಕ್ಕೆ 15ಕ್ಕೆ ಇಳಿಯಿತು. ಇದು ನಮ್ಮಿಂದ ಅಂತ ನೌಕಾಪಡೆಯವರು, ನಮ್ಮಿಂದ ಅಂತ ಕಾವಲು ಕಂಪನಿಗಳು, ಮುಳ್ಳುತಂತಿಯಿಂದ ಅಂತ ಹಡಗಿನವರು. ನನ್ನ ಲೆಕ್ಕದಲ್ಲಿ ಬಂದೂಕಿಗೆ ದೊಡ್ಡ ಪಾಲು, ಸೊಮಾಲಿಯಾದ ದಡದ ಹಳ್ಳಿಗಳಲ್ಲಿ ಕಳ್ಳರಿಗೆ ಜಾಗ ಕೊಡಲು ಒಲ್ಲೆ ಅಂದವರಿಗೆ ಅದಕ್ಕಿಂತ ಸ್ವಲ್ಪವೇ ಚಿಕ್ಕ ಪಾಲು.

ಆದರೆ ಒಂದು ನಕ್ಷೆಯ ಕಥೆ ಕೇಳಿ. 2010ರ ಡಿಸೆಂಬರ್‌ನಲ್ಲಿ ಹಡಗು ಉದ್ಯಮದ ಸಂಘಗಳು 'ಅಪಾಯದ ವಲಯ'ದ ಗೆರೆಯನ್ನು ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ಎಳೆದವು. ಕಾರವಾರ ಇರುವುದು 74 ಡಿಗ್ರಿಯಲ್ಲಿ. ಅಂದರೆ ನಿಮ್ಮ ಅಪ್ಪ, ಚಿಕ್ಕಪ್ಪಂದಿರು ಆಳಸಮುದ್ರಕ್ಕೆ ಹೋಗಿ ಬಲೆ ಬೀಸುವ ಕಡಲು ಆ ನಕ್ಷೆಯಲ್ಲಿ ಕಳ್ಳರ ಕಡಲು. ಗೋವಾದಿಂದ ಕನ್ಯಾಕುಮಾರಿಯವರೆಗೆ ದುರ್ಬೀನು ಹಿಡಿದು ನಿಂತವನಿಗೆ ಸಣ್ಣ ದೋಣಿ ಕಂಡರೆ ಅನುಮಾನವೇ ಮೊದಲು.

2012ರ ಫೆಬ್ರುವರಿ 15. ಇಟಲಿಯ 'ಎನ್ರಿಕಾ ಲೆಕ್ಸಿ' ಟ್ಯಾಂಕರ್ ಕೇರಳದ ದಡದಿಂದ ಸುಮಾರು 20 ನಾಟಿಕಲ್ ಮೈಲಿ ಆಚೆ ಹೋಗುತ್ತಿತ್ತು. 'ಸೇಂಟ್ ಆಂಟನಿ' ದೋಣಿ ಹತ್ತಿರ ಬಂತು. ಹಡಗಿನ ಮೇಲಿದ್ದ ಇಬ್ಬರು ಸೈನಿಕರು ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಆ ದೋಣಿಯಲ್ಲಿ ಏಣಿ ಇರಲಿಲ್ಲ.

ಒಂದು ಸೂಕ್ಷ್ಮ ಗಮನಿಸಿ. ಗುಂಡು ಹಾರಿಸಿದವರು ಖಾಸಗಿ ಕಾವಲುಗಾರರಲ್ಲ, ಇಟಲಿಯ ನೌಕಾಪಡೆಯವರು, ಸರ್ಕಾರವೇ ಹಡಗಿಗೆ ಕೊಟ್ಟವರು. ಇಡೀ ಮೊಕದ್ದಮೆ ತಿರುಗಿದ್ದು ಈ ಒಂದು ಮೊಳೆಯ ಮೇಲೆ. ಎಂಟು ವರ್ಷದ ಜಟಾಪಟಿಯ ನಂತರ 2020ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಹೇಳಿತು: ಅವರು ಸರ್ಕಾರಿ ಕರ್ತವ್ಯದ ಮೇಲಿದ್ದವರು, ಭಾರತದ ಕೋರ್ಟ್ ಅವರ ವಿಚಾರಣೆ ಮಾಡುವಂತಿಲ್ಲ, ಇಟಲಿ ಪರಿಹಾರ ಕೊಡಲಿ. 2021ರ ಜೂನ್‌ನಲ್ಲಿ 10 ಕೋಟಿ ರೂಪಾಯಿ ಜಮೆಯಾದ ಮೇಲೆ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು: ಸತ್ತವರ ಕುಟುಂಬಗಳಿಗೆ ತಲಾ 4 ಕೋಟಿ, ದೋಣಿ ಮಾಲೀಕನಿಗೆ 2 ಕೋಟಿ. 2022ರಲ್ಲಿ ರೋಮ್‌ನ ನ್ಯಾಯಾಧೀಶರು ಅಲ್ಲಿನ ಪ್ರಕರಣವನ್ನೂ ಕೈಬಿಟ್ಟರು. ಅಪಾಯದ ಗೆರೆಯನ್ನು 65 ಡಿಗ್ರಿಗೆ ಹಿಂದಕ್ಕೆ ಸರಿಸಿದ್ದು 2015ರ ಡಿಸೆಂಬರ್‌ನಲ್ಲಿ, ಭಾರತ ಬೆನ್ನು ಬಿಡದೆ ಒತ್ತಾಯಿಸಿದ ಮೇಲೆ.

ಖಾಸಗಿಯವರ ಪಾಡು ಇನ್ನೊಂದು. ಬಂದೂಕು ಹಿಡಿದು ಬಂದರಿನೊಳಗೆ ಬರುವಂತಿಲ್ಲವಲ್ಲ, ಅದಕ್ಕೆ ಕಡಲ ನಡುವೆ ಹಳೆ ಹಡಗುಗಳನ್ನು ನಿಲ್ಲಿಸಿ ಆಯುಧದ ಗೋದಾಮು ಮಾಡಿಕೊಂಡರು. ಅಂಥದ್ದೊಂದು, 'ಸೀಮನ್ ಗಾರ್ಡ್ ಒಹಾಯೊ', 2013ರ ಅಕ್ಟೋಬರ್‌ನಲ್ಲಿ ತೂತ್ತುಕುಡಿಯ ಹತ್ತಿರ ನಮ್ಮ ಕರಾವಳಿ ಪಡೆಗೆ ಸಿಕ್ಕಿತು. 35 ಜನ, 35 ರೈಫಲ್, ಐದು ಸಾವಿರಕ್ಕೂ ಹೆಚ್ಚು ಗುಂಡು. ಕಳ್ಳರಿಂದ ಹಡಗುಗಳನ್ನು ಕಾಯಲು ಬಂದ ಬ್ರಿಟಿಷರು, ಎಸ್ಟೋನಿಯಾದವರು, ಭಾರತೀಯರು ತಮಿಳುನಾಡಿನ ಜೈಲು ಸೇರಿದರು. 2016ರಲ್ಲಿ ಐದು ವರ್ಷದ ಶಿಕ್ಷೆ, 2017ರಲ್ಲಿ ಮದ್ರಾಸ್ ಹೈಕೋರ್ಟ್‌ನಿಂದ ಖುಲಾಸೆ. ದುರ್ಬೀನು ಈ ಸಲ ತಿರುಗುಮುರುಗಾಗಿತ್ತು, ಅಷ್ಟೇ.

ಕಾನೂನು ಬುದ್ಧಿವಂತಿಕೆಯಿಂದ ಕೆಲಸ ಮಾಡಿದ್ದನ್ನೂ ಹೇಳಬೇಕು. ಸೊಮಾಲಿ ಕಳ್ಳತನದ ದೊಡ್ಡ ಸಾಹುಕಾರ ಮೊಹಮದ್ ಅಬ್ದಿ ಹಸನ್, ಅಡ್ಡಹೆಸರು 'ಅಫ್ವೆಯ್ನೆ', ಅಂದರೆ ದೊಡ್ಡಬಾಯಿ. 2009ರಲ್ಲಿ ಬೆಲ್ಜಿಯಂನ 'ಪೊಂಪೆಯ್' ಹಡಗಿನ ಅಪಹರಣದ ಹಿಂದೆ ಅವನಿದ್ದ. ಅವನು ಏಣಿ ಹತ್ತುವವನಲ್ಲ, ಕಡಲಿನಲ್ಲಿ ಎಂದೂ ಸಿಗುವವನಲ್ಲ. ಬೆಲ್ಜಿಯಂ ಪೊಲೀಸರು ಏನು ಮಾಡಿದರು? ಸಿನಿಮಾದವರ ವೇಷ ಹಾಕಿದರು. ನಿಮ್ಮ ಜೀವನದ ಮೇಲೆ ಚಿತ್ರ ಮಾಡುತ್ತೇವೆ, ನೀವೇ ಸಲಹೆಗಾರರಾಗಿ ಅಂದರು. 2013ರ ಅಕ್ಟೋಬರ್‌ನಲ್ಲಿ ಸಾಹುಕಾರ ಬ್ರಸೆಲ್ಸ್‌ನಲ್ಲಿ ವಿಮಾನ ಇಳಿದ, ಅಲ್ಲೇ ಕೈಗೆ ಕೋಳ. 2016ರಲ್ಲಿ 20 ವರ್ಷದ ಶಿಕ್ಷೆ. ನೂರು ಹುಡುಗರನ್ನು ಹಿಡಿಯುವುದಕ್ಕಿಂತ ಈ ಒಬ್ಬನನ್ನು ಹಿಡಿದದ್ದು ಹೆಚ್ಚು ಅಂತ ನನ್ನ ಅನಿಸಿಕೆ.

ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯ ವಿಷಯ ಬೇರೆಯೇ ಒಂದು ದಿನದ್ದು. ಅಲ್ಲಿ ಹಡಗು ಬೇಡ, ಮನುಷ್ಯರು ಸಾಕು. 2020ರಲ್ಲಿ ಜಗತ್ತಿನಲ್ಲಿ ಹಡಗಿನಿಂದ ಅಪಹರಣವಾದ 135 ನಾವಿಕರಲ್ಲಿ 130 ಜನ ಅಲ್ಲಿಯವರ ಕೈಗೆ ಸಿಕ್ಕವರು.

ಭಾರತದ ಸಂಸತ್ತು ತನ್ನದೇ ಕಾನೂನಿಗೆ ಕೊನೆಗೂ ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ. 2012ರಲ್ಲಿ ಒಂದು ಮಸೂದೆ ಬಂದು ಬಿದ್ದುಹೋಗಿತ್ತು. ಕಡಲ್ಗಳ್ಳತನ ತಡೆ ಕಾಯ್ದೆ ಜಾರಿಯಾದದ್ದು 2023ರ ಫೆಬ್ರುವರಿಯಲ್ಲಿ. ಜೀವಾವಧಿ ಶಿಕ್ಷೆ, ಸಾವು ಸಂಭವಿಸಿದ್ದರೆ ಮರಣದಂಡನೆಗೂ ಅವಕಾಶ. ವಕೀಲನಾಗಿ ನನ್ನ ಕಣ್ಣು ಹೋದದ್ದು ಬೇರೆ ಕಡೆ. ಆರೋಪಿಯ ವಶದಲ್ಲಿ ಆಯುಧವೋ ಕೃತ್ಯಕ್ಕೆ ಬಳಸುವ ಸಲಕರಣೆಯೋ ಸಿಕ್ಕು, ಅದನ್ನು ಬಳಸಿದ್ದಾರೆ ಅಥವಾ ಬಳಸಲು ಇಟ್ಟುಕೊಂಡಿದ್ದಾರೆ ಅನ್ನಲು ಕಾರಣವಿದ್ದರೆ, ಬೇರೆ ರುಜುವಾತಾಗುವವರೆಗೆ ಕೋರ್ಟ್ ಅವನೇ ತಪ್ಪಿತಸ್ಥ ಅಂತ ಭಾವಿಸಬೇಕು. ಅಲೊಂಡ್ರಾ ರೇನ್‌ಬೋ ಗಾಯಕ್ಕೆ ಹಾಕಿದ ಮದ್ದು ಇದು. ಸಲಕರಣೆ ಅಂದರೆ? ಮುಖ್ಯವಾಗಿ ಏಣಿ, ಕೊಕ್ಕೆ.

ಕಾಯ್ದೆಗೆ ಮೊದಲ ದೊಡ್ಡ ಪರೀಕ್ಷೆ ಬೇಗನೇ ಬಂತು. ಕೆಂಪು ಸಮುದ್ರದಲ್ಲಿ ಹೌತಿಗಳ ಗಲಾಟೆಯಿಂದ ಎಲ್ಲರ ಗಮನ ಆ ಕಡೆ ಇದ್ದಾಗ ಸೊಮಾಲಿ ಕಳ್ಳರು ಮತ್ತೆ ಹೊರಟರು. 2023ರ ಡಿಸೆಂಬರ್ 14ಕ್ಕೆ 'ರುಯೆನ್' ಹಡಗಿನ ಅಪಹರಣ. ಮುಂದಿನ ಜನವರಿಯಲ್ಲಿ 'ಲೀಲಾ ನಾರ್ಫೋಕ್' ಹಡಗಿಗೆ ಕಳ್ಳರು ಹತ್ತಿದಾಗ 15 ಭಾರತೀಯರು ಸೇರಿ 21 ನಾವಿಕರು ಸಿಟಡೆಲ್ ಒಳಗೆ ಅಡಗಿದರು. ಸಿಟಡೆಲ್ ಅಂದರೆ ಹಡಗಿನ ಹೊಟ್ಟೆಯಲ್ಲಿ ಒಳಗಿನಿಂದ ಭದ್ರಪಡಿಸಿಕೊಳ್ಳುವ ಕೋಣೆ. ಎಲ್ಲರೂ ಒಳಗಿದ್ದಾರೆ ಅಂತ ಖಾತ್ರಿಯಾದರೆ ಕಮಾಂಡೋಗಳಿಗೆ ಹೊರಗೆ ಕಾಣುವವನು ಯಾರು ಅನ್ನುವ ಅನುಮಾನವೇ ಉಳಿಯುವುದಿಲ್ಲ. ದುರ್ಬೀನಿನ ತೊಡಕಿಗೆ ನಾನು ಕಂಡ ಒಂದೇ ಒಳ್ಳೆಯ ಉತ್ತರ ಅದು. ಅದೇ ತಿಂಗಳ ಕೊನೆಗೆ 'ಐಎನ್‌ಎಸ್ ಸುಮಿತ್ರಾ' ಎರಡು ದಿನದೊಳಗೆ ಎರಡು ಮೀನುಗಾರಿಕಾ ಹಡಗುಗಳನ್ನು ಬಿಡಿಸಿತು. ಒಂದರಲ್ಲಿ 17 ಇರಾನಿಯರು, ಇನ್ನೊಂದರಲ್ಲಿ 19 ಪಾಕಿಸ್ತಾನಿಯರು.

ಮಾರ್ಚ್‌ನಲ್ಲಿ ರುಯೆನ್ ಮತ್ತೆ ಹೊರಬಂತು, ಈಗ ಕಳ್ಳರ ತಾಯಿ ಹಡಗಾಗಿ. 'ಐಎನ್‌ಎಸ್ ಕೋಲ್ಕತಾ' ಅದನ್ನು ಭಾರತದ ದಡದಿಂದ 1,400 ನಾಟಿಕಲ್ ಮೈಲಿ ದೂರದಲ್ಲಿ ತಡೆಯಿತು. ನೌಕೆಯಿಂದ ಹಾರಿಬಿಟ್ಟ ಡ್ರೋನನ್ನು ಕಳ್ಳರು ಹೊಡೆದುಹಾಕಿದರು. ವಾಯುಪಡೆಯ ಸಿ-17 ವಿಮಾನ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳನ್ನು ದೋಣಿ ಸಮೇತ ಕಡಲಿಗಿಳಿಸಿತು. ನಲವತ್ತು ಗಂಟೆಯ ನಂತರ, ಮಾರ್ಚ್ 16ರಂದು, 35 ಕಳ್ಳರೂ ಶರಣಾದರು. ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾದ 17 ನಾವಿಕರು ಗಾಯವಿಲ್ಲದೆ ಹೊರಬಂದರು. ಅವಸರ ಮಾಡದೆ ಕಾದದ್ದೇ ಈ ಕಾರ್ಯಾಚರಣೆಯ ಹೆಚ್ಚುಗಾರಿಕೆ ಅಂತ ನಾನು ಹೇಳುತ್ತೇನೆ. ತಬರ್‌ನಿಂದ ಕೋಲ್ಕತಾವರೆಗಿನ ಹದಿನಾರು ವರ್ಷದಲ್ಲಿ ನಮ್ಮ ನೌಕಾಪಡೆ ಕಲಿತದ್ದು ಆ ನಲವತ್ತು ಗಂಟೆಗಳಲ್ಲಿದೆ. ಅದೇ ವಾರ ಅಪಹರಣವಾದ ಬಾಂಗ್ಲಾದೇಶದ 'ಅಬ್ದುಲ್ಲಾ' ಹಡಗಿನ 23 ನಾವಿಕರು ಮಾತ್ರ ಒಂದು ತಿಂಗಳ ನಂತರ ಬಿಡುಗಡೆಯಾದರು, ಹಣ ಕೊಟ್ಟು ಅಂತ ವರದಿಗಳು. ಮಾಲೀಕರನ್ನು ನಾನು ಬೈಯುವುದಿಲ್ಲ.

35 ಜನ ಮುಂಬೈಗೆ ಬಂದರು, ಹೊಸ ಕಾಯ್ದೆಯ ಅಡಿ ಪೊಲೀಸರ ವಶವಾದರು. ಸಾಕ್ಷಿ ಹೇಳಬೇಕಾದ 17 ಜನ ಜಗತ್ತಿನ ಯಾವ್ಯಾವುದೋ ಹಡಗಿನಲ್ಲಿ ಮತ್ತೆ ಪಾಳಿ ಮಾಡುತ್ತಿರುತ್ತಾರೆ. ನಾವಿಕನಿಗೆ ಕೋರ್ಟ್ ಸಮನ್ಸ್ ತಲುಪಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ನನ್ನ ಹತ್ತಿರ ಬೇರೆಯೇ ಕಥೆಗಳಿವೆ. ಆ ಕಾರಣಕ್ಕೆ ಏಣಿ, ಕೊಕ್ಕೆಗಳ ಆ ಕಲಮು ಬೇಕೇ ಬೇಕು ಅಂತ ನಾನು ವಾದಿಸುತ್ತೇನೆ. ಮೀನು ಹಿಡಿಯಲು ಏಣಿ ಯಾಕೆ, ಹೇಳಿ?

ಪ್ರಶ್ನೋತ್ತರದ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ಪರ್ಸೀನ್ ಬಲೆಯ ಮೀನುಗಾರಿಕೆ ಬೋಟಿನವರಂತೆ, ಮೊಮ್ಮಗಳು ಈ ಕಾಲೇಜಿನಲ್ಲಿ ಓದುತ್ತಾಳೆ.

"ನಮ್ಮ ಬೋಟಿನಲ್ಲೂ ಏಣಿ ಉಂಟು ಸಾರ್," ಅಂದರು. "ಬಲೆ ಬೋಟಿನ ಅಡಿಯ ಫ್ಯಾನಿಗೆ ಸುತ್ತಿಕೊಂಡ್ರೆ ನೀರಿಗಿಳಿದು ಬಿಡಿಸ್ಬೇಕಲ್ಲ. ಹತ್ತಿ ಬರಲಿಕ್ಕೆ ಏಣಿ ಬೇಡ್ವಾ?"

ಸಭೆ ನಕ್ಕಿತು. ಏಣಿ ಎಷ್ಟು ಉದ್ದ ಅಂತ ಕೇಳಿದೆ. ಎರಡೂ ಕೈ ಚಾಚಿ ತೋರಿಸಿದರು. ತುದಿಗೆ ಕೊಕ್ಕೆ ಇದೆಯಾ ಅಂದೆ.

"ಕೊಕ್ಕೆ ಇಲ್ಲದಿದ್ರೆ ಅದು ಬೋಟಿಗೆ ಸಿಕ್ಕಿ ನಿಲ್ಲೂದು ಹೇಗೆ?"